ಪಲ್ಲಕ್ಕಿ ಹೊತ್ತ ಗುಲಾಬಿ

ನರ್ಸರಿಯಿಂದ ಆಸೆಪಟ್ಟು ತರುವ ಕೆಂಪು ಗುಲಾಬಿಗೆ ಸಾಮಾನ್ಯವಾಗಿ ಸ್ವಂತ ಬೇರು ಇರುವುದಿಲ್ಲ. ಮಣ್ಣಿನೊಳಗೆ ಕೂತಿರುವುದು ಬೇರೊಂದು ಗಟ್ಟಿ ಜಾತಿ. ಅದರ ಕಾಂಡಕ್ಕೆ ಅಂದದ ಗುಲಾಬಿಯ ಕಣ್ಣು ಕೂರಿಸಿ ಕಸಿ ಕಟ್ಟಿರುತ್ತಾರೆ. ಮೆರವಣಿಗೆಯಲ್ಲಿ ಎಲ್ಲರೂ ನೋಡುವುದು ಪಲ್ಲಕ್ಕಿಯೊಳಗಿನವರನ್ನು, ಹೊತ್ತವರ ಮುಖ ಯಾರಿಗೆ ಬೇಕು?

ಕುಶಾಲನಗರದ ಕಡೆಯ ನರ್ಸರಿಯವನು ಗಿಡ ಕೊಡುವಾಗಲೇ ಹೇಳಿದ್ದ: ‘ಗಂಟಿನ ಕೆಳಗೆ ಚಿಗುರು ಬಂದ್ರೆ ಮುಲಾಜಿಲ್ದೆ ಕಿತ್ತಾಕಿ ಅಕ್ಕಾ, ಅದು ಕಾಡುಗುಲಾಬಿ. ಬಿಟ್ರೆ ಮೇಲಿಂದನ್ನ ನುಂಗಿಬಿಡುತ್ತೆ.’

ಮೇಲಿನದನ್ನು ಮಡಿಕೇರಿಯ ಮಳೆಯೇ ನುಂಗಿತು. ಎಲೆಗೆ ಕಪ್ಪುಚುಕ್ಕೆ ಬಿತ್ತು, ಕೊಂಬೆ ತುದಿಯಿಂದ ಒಣಗುತ್ತ ಗಂಟಿನವರೆಗೂ ಕರ್ರಗಾಯಿತು. ಕೆಳಗಿನದು ಜಗ್ಗಲಿಲ್ಲ. ಏಳೇಳು ಎಲೆಗಳ ತೆಳು ಹಸಿರು ಚಿಗುರು ಹೊರಟಿತು. ಎಲೆತೊಟ್ಟು ಕಾಂಡಕ್ಕೆ ಅಂಟುವಲ್ಲಿ ಸಣ್ಣದೊಂದು ಕುಚ್ಚು. ರೋಸಾ ಮಲ್ಟಿಫ್ಲೋರಾ ಎಂಬ ಕಾಡುಗುಲಾಬಿಯ ಗುರುತು ಆ ಕುಚ್ಚು. ಜಪಾನ್, ಕೊರಿಯಾ, ಚೀನಾದ ಕಡೆಯದು. ಬರೀ ಹೊರುವ ಆಳು ಎಂದುಕೊಳ್ಳಬೇಡಿ. 1875ರಲ್ಲಿ ಫ್ರಾನ್ಸಿನ ಲಿಯೋನ್ ಊರಿನ ಗಿಯೋ ಎಂಬ ತಳಿಗಾರ ‘ಲಾ ಪಾಕೆರೆಟ್’ ಎಂಬ ಗೊಂಚಲು ಗುಲಾಬಿಯನ್ನು ಹೊರತಂದ. ಅದರ ಮೈಯಲ್ಲಿ ಹರಿಯುವುದು ಇದರದೇ ರಕ್ತ. ಇವತ್ತಿನ ಎಷ್ಟೋ ಗೊಂಚಲು ಗುಲಾಬಿಗಳಿಗೆ ಇದು ಅಜ್ಜಿ.

ಕೀಳದೆ ಬಿಟ್ಟೆ. ಕಾಂಪೌಂಡಿಗೆ ಹಬ್ಬಿತು, ಹೂವಾಯಿತು: ರೂಪಾಯಿ ನಾಣ್ಯದಗಲ, ಬಿಳಿ, ಐದೇ ಎಸಳು, ನಡುವೆ ಹಳದಿ ಕೇಸರಗಳ ಗುಂಪು. ಮುಡಿಯಲು ಬಾರದು, ಮಧ್ಯಾಹ್ನಕ್ಕೇ ಬಾಡುತ್ತದೆ. ಆದರೆ ಬೆಳಗ್ಗೆ ತುಡುವೆ ಜೇನಿನ ಗದ್ದಲ ನೋಡಬೇಕು. ಗುಲಾಬಿಯಲ್ಲಿ ಮಕರಂದ ಇಲ್ಲವೆನ್ನುವಷ್ಟು ಕಡಿಮೆ. ಅವು ಬರುವುದು ಪರಾಗಕ್ಕೆ. ಹೂವಿನೊಳಗೆ ಗಿರಕಿ ಹೊಡೆದು ಹಿಂಗಾಲಿಗೆ ಹಳದಿ ಉಂಡೆ ಕಟ್ಟಿಕೊಂಡು ಹಾರುತ್ತವೆ. ತೋಟದ ಗುಲಾಬಿಯಲ್ಲಿ ನಾವು ಕೇಸರಗಳನ್ನೇ ಎಸಳಾಗಿಸಿ ದಪ್ಪ ಹೂವು ಮಾಡಿಕೊಂಡಿದ್ದೇವೆ. ಚೆಲುವು ನಮಗೆ ಸಿಕ್ಕಿತು, ಜೇನಿನ ಊಟ ಹೋಯಿತು.

ಎಲೆಗೂ ಗಿರಾಕಿಗಳಿದ್ದಾರೆ. ಎಲೆಯಂಚನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ದುಂಡಗೆ ಕೊಯ್ದು ಒಯ್ಯುವ ಒಂಟಿ ಜೇನೊಂದಿದೆ. ಆ ಚೂರುಗಳನ್ನು ಸುತ್ತಿ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಪಕ್ಕದ ಮನೆಯ ಅಕ್ಕ ತೂತು ನೋಡಿ ಔಷಧಿ ಡಬ್ಬಿಯನ್ನೇ ತಂದಿದ್ದರು. ಆಮೇಲೆ ಬಟಾಣಿಗಿಂತ ಚಿಕ್ಕ ಕೆಂಪು ಹಣ್ಣು. ಅದು ಪಿಕಳಾರಗಳ ಪಾಲು.

ನೀಲಗಿರಿಯ ಶೋಲಾ ಕಾಡಿನಂಚಿನಲ್ಲಿ ಇದರ ಸೋದರಸಂಬಂಧಿಯೊಂದು ತಾನಾಗಿಯೇ ಮರವೇರಿ ಬಿಳಿ ಹೂವು ಚೆಲ್ಲುತ್ತದೆ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆಶೆನೋ ಹೆಸರಿನ ರೋಸಾ ಲೆಶೆನೋಲ್ಟಿಯಾನಾ ಅದು. ಊಟಿಗೆ ಹೋದವರೆಲ್ಲ ಟಿಕೆಟ್ ಕೊಟ್ಟು ರೋಸ್ ಗಾರ್ಡನ್ ನೋಡುತ್ತಾರೆ. ನಾನೂ ನೋಡಿದ್ದೇನೆ, ಚೆನ್ನಾಗಿಯೇ ಇದೆ. ಆದರೆ ಈ ನೆಲದ ಗುಲಾಬಿ ಬೇಲಿಯ ಹೊರಗಿದೆ.

ಇಷ್ಟು ಹೊಗಳಿದ ಮೇಲೆ ನಮ್ಮ ಮನೆಯದರ ಪೂರ್ವಾಪರವನ್ನೂ ಹೇಳಬೇಕು. 1930ರ ದಶಕದಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ಇದನ್ನು ತಾನೇ ಮುಂದಾಗಿ ರೈತರಿಗೆ ಹಂಚಿತು: ಮಣ್ಣು ಕೊಚ್ಚಿ ಹೋಗದಿರಲಿ, ದನ ದಾಟದ ಮುಳ್ಳುಬೇಲಿಯಾಗಲಿ ಎಂದು. ಹೆದ್ದಾರಿಯ ನಡುವೆಯೂ ನೆಟ್ಟರು. ಹಕ್ಕಿಗಳಿಗೆ ಬೇಲಿಯ ಲೆಕ್ಕ ಗೊತ್ತೇ? ಹಣ್ಣು ತಿಂದು ಬೀಜವನ್ನು ಊರೆಲ್ಲ ಬಿತ್ತಿದವು. ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಮೊಳೆಯುವ ಬೀಜ ಅದು. ಹುಲ್ಲುಗಾವಲು ಮುಳ್ಳುಪೊದೆಯಾಯಿತು. ಬೇಲಿಗೆಂದು ಹಂಚಿದ್ದ ಗಿಡವನ್ನೇ ಇಂದು ಹಲವು ರಾಜ್ಯಗಳು ಕಳೆಯೆಂದು ಸಾರಿವೆ. ಅದನ್ನು ಕೊಲ್ಲುವ ವೈರಸ್ ರೋಗವೊಂದು ನುಸಿಗಳಿಂದ ಹಬ್ಬಿದಾಗ ಸಂತೋಷಪಟ್ಟವರೂ ಇದ್ದರು. ಅದೇ ರೋಗ ತೋಟದ ಗುಲಾಬಿಗೂ ತಗಲುತ್ತದೆ ಅನ್ನುವುದು ಬೇರೆ ಮಾತು.

ಹಾಗಾಗಿ ಈಗ ಗೊಂಚಲುಗಳು ಕೆಂಪೇರುವ ಮೊದಲೇ ಮುಕ್ಕಾಲು ಭಾಗ ಕತ್ತರಿಸಿಬಿಡುತ್ತೇನೆ. ಪಿಕಳಾರಗಳಿಗೆ ಕೋಪ ಬಂದಿರಬಹುದು. ಮೊನ್ನೆ ಔಷಧಿ ಡಬ್ಬಿಯ ಅಕ್ಕನೇ ಬಂದು ಬೇಲಿಗೆ ನೆಡಲು ನಾಲ್ಕು ಕಡ್ಡಿ ಕೇಳಿದರು. ಅಮೆರಿಕದ ಕಥೆ ಪೂರ್ತಿ ಹೇಳಿದೆ.

‘ನಮ್ಮ ತೋಟಕ್ಕೆ ಬರೋದು ಆನೆ ಮಾರಾಯ್ತಿ,’ ಎಂದರು. ‘ಅದು ಇದಕ್ಕೆ ಹೆದರುತ್ತೋ ಇಲ್ವೋ, ಅದನ್ನ ಹೇಳು.’