ಕೊರೋಚಿಯಿಂದ ಖಿದ್ರಾಪುರಕ್ಕೆ, ಚೀಲದಲ್ಲಿ ಒಂದು ಟ್ಯಾಬ್

ನಮ್ಮ ಊರು ಕೊರೋಚಿ. ಹಾತಕಣಂಗಲೆಯಿಂದ ಇಚಲಕರಂಜಿಗೆ ಹೋಗುವ ರಸ್ತೆಯ ಮೇಲೆ, ಇಚಲಕರಂಜಿಗೆ ಅಂಟಿಕೊಂಡೇ ಇದೆ ಎನ್ನಬೇಕು. ಹಗಲು ರಾತ್ರಿ ಮಗ್ಗದ ಖಟಖಟ. ಕರೆಂಟ್ ಹೋಗಿ ಆ ಸಪ್ಪಳ ನಿಂತರೆ ನಿದ್ದೆಯಿಂದ ಎಚ್ಚರಾಗುವ ಜನ ನಾವು. ನಮ್ಮದು ನೂಲಿನ ವ್ಯಾಪಾರ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಓದಿದ್ದು ಮ್ಯಾಟ್ರಿಕ್‌ವರೆಗೆ, ವಯಸ್ಸು 67.

ಫೋಟೋ ತೆಗೆಯುವ ಚಟ ಹತ್ತಿದ್ದು ತೀರ್ಥರೂಪರ ಆಗ್ಫಾ ಕ್ಲಿಕ್ ಥ್ರೀ ಡಬ್ಬಿ ಕ್ಯಾಮೆರಾದಿಂದ. ಒಂದು ರೋಲಿಗೆ 12 ಚಿತ್ರ. ಒಂದು ಹಾಳಾದರೆ ಮನೆಯಲ್ಲಿ ಬೈಗುಳ. ಮುಂದೆ ಡಿಜಿಟಲ್ ಕ್ಯಾಮೆರಾ ಬಂತು, ಅದರ ಬೆನ್ನಿಗೇ ಕಂಪ್ಯೂಟರ್ ಬಂತು. ಅದನ್ನು ಇಚಲಕರಂಜಿಯ ನದೀ ಕಡೆಯ ಅಂಗಡಿಯಲ್ಲಿ ಇಟ್ಟಿದ್ದೆವು. 2019ರ ಆಗಸ್ಟಿನ ಮಹಾಪೂರ ನಮ್ಮ ಭಾಗದವರಿಗೆ ಮರೆಯುವಂಥದ್ದಲ್ಲ. ಪಂಚಗಂಗೆ ಅಂಗಡಿಗೆ ಬಂದಳು. ನೂಲಿನ ಚೀಲಗಳನ್ನು ಮೇಲಕ್ಕೆ ಏರಿಸಿದೆವು, ಕಂಪ್ಯೂಟರಿನ ನೆನಪೇ ಆಗಲಿಲ್ಲ. ಹತ್ತು ವರ್ಷದ ಚಿತ್ರಗಳು ಹೋದವು. ಅದರಲ್ಲಿ ನಮ್ಮ ಅವ್ವನ ಕೊನೆಯ ದೀಪಾವಳಿಯದೂ ಇತ್ತು.

ಆಮೇಲೆ ನಾಲ್ಕು ವರ್ಷ ನಾವು ಕ್ಯಾಮೆರಾ ಮುಟ್ಟಲಿಲ್ಲ. ಕೊನೆಗೆ ಮೊಮ್ಮಗಳೇ ಅಂದಳು: “ಅಜ್ಜಾ, ಫೋಟೋ ನೋಡಾಕ, ತಿದ್ದಾಕ ಕಂಪ್ಯೂಟರ್ ಯಾಕ ಬೇಕು? ಒಂದು ಟ್ಯಾಬ್ ತಗೋರಿ. ಮಹಾಪೂರ ಬಂದ್ರ ಬಗಲಾಗ ಹಿಡಕೊಂಡು ಓಡಬಹುದು.” ಮಾತು ವ್ಯಾಪಾರಿಗೆ ಒಪ್ಪುವಂತೆ ಇತ್ತು.

ಮೊದಲು ಬಾಹುಬಲಿಗೆ ಹೋಗಿ ಪರೀಕ್ಷೆ ಮಾಡಿದೆವು. ಕುಂಭೋಜದ ಹತ್ತಿರದ ಆ ಕ್ಷೇತ್ರ ಓದುಗರಿಗೆ ಗೊತ್ತಿದ್ದದ್ದೇ. 1963ರಲ್ಲಿ ಪ್ರತಿಷ್ಠಾಪನೆಯಾದ 28 ಅಡಿಯ ಬಿಳಿ ಅಮೃತಶಿಲೆಯ ಮೂರ್ತಿ. ಚೌಕಟ್ಟಿನ ತುಂಬ ಬಿಳುಪು ಬಂದರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಿಳಿದು ಮೂರ್ತಿಯನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ನಾವು ಬೆಳಕು ಏರಿಸಿದರೆ ಮೈಮೇಲಿನ ಬಳ್ಳಿಯ ಗೆರೆಗಳು ಅಳಿಸಿಹೋಗುತ್ತವೆ. ಕ್ಯಾಮೆರಾದ ಬೆನ್ನಿನ ಸಣ್ಣ ಪರದೆಯಲ್ಲಿ ಇದು ತಿಳಿಯುವುದಿಲ್ಲ. ಟ್ಯಾಬಿಗೆ ಹಾಕಿ ಅಲ್ಲೇ ಕಟ್ಟೆಯ ಮೇಲೆ ಕುಳಿತು ನೋಡಿದೆವು, ಎದ್ದು ಹೋಗಿ ಮತ್ತೆ ತೆಗೆದೆವು. ಕಂಪ್ಯೂಟರ್ ಇದ್ದ ಕಾಲದಲ್ಲಿ ತಪ್ಪು ಗೊತ್ತಾಗುತ್ತಿದ್ದುದು ಮನೆಗೆ ಬಂದ ಮೇಲೆ.

ಆದರೆ ಈ ಲೇಖನ ಬರೆಯಲು ಕಾರಣ ಬಾಹುಬಲಿಯಲ್ಲ, ಖಿದ್ರಾಪುರ.

ನಮ್ಮ ಅಣ್ಣನವರು ಬೋರಗಾಂವದಲ್ಲಿ ಇರುತ್ತಾರೆ. ಕನ್ನಡ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಕಳೆದ ವರ್ಷ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು, ಅಂದಿನಿಂದ ಹಾಸಿಗೆ. ನಾವು ಹುಡುಗರಿದ್ದಾಗ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಖಿದ್ರಾಪುರಕ್ಕೆ ಕರೆದೊಯ್ದವರು ಅವರೇ. ಅಲ್ಲಿನ ಒಂದು ಶಾಸನದ ಎದುರು ನಿಂತು ಗಂಟೆಗಟ್ಟಲೆ ಅಕ್ಷರ ಬರೆದುಕೊಳ್ಳುತ್ತಿದ್ದರು, ನಾವು ಹೊಳೆಯಲ್ಲಿ ಕಲ್ಲು ಎಸೆಯುತ್ತಿದ್ದೆವು. ನೋಡಲು ಹೋದಾಗ ಅಂದರು: “ತಮ್ಮಾ, ಆ ಕಲ್ಲಿನ ಮೂರನೇ ಸಾಲು ನನಗ ಪೂರಾ ಓದಾಕ ಆಗಲೇ ಇಲ್ಲ. ಇನ್ನ ಆಗೂದಿಲ್ಲ ಬಿಡು.”

ಮುಂದಿನ ಭಾನುವಾರವೇ ಹೊರಟೆವು. ಇಚಲಕರಂಜಿ ದಾಟಿ ಕುರುಂದವಾಡದ ಮೇಲೆ ಹಾದಿ. ನರಸೋಬಾವಾಡಿಯ ಪೇಡೆ ತರಲೇಬೇಕೆಂದು ನಮ್ಮ ಮನೆಯವರ ಆಜ್ಞೆ ಇದ್ದುದರಿಂದ ಅಲ್ಲೊಂದು ತಾಸು ಹೋಯಿತು. ಎರಡೂ ಬದಿಗೆ ಕಬ್ಬು, ಮುಂದೆ ಕೃಷ್ಣಾ ನದಿ, ದಂಡೆಯ ಮೇಲೆ ಕೋಪೇಶ್ವರ ದೇವಾಲಯ. ಶಿಲಾಹಾರರ ಕಾಲದ್ದು. ದೇವಗಿರಿಯ ಯಾದವ ಸಿಂಘಣ ಜೀರ್ಣೋದ್ಧಾರ ಮಾಡಿದ ಶಾಸನ ಸುಮಾರು 1213ರದು, ಅದು ಸಂಸ್ಕೃತದಲ್ಲಿದೆ. ಉಳಿದವು ಹೆಚ್ಚಾಗಿ ಹಳಗನ್ನಡದವು. ಮಹಾರಾಷ್ಟ್ರದ ಊರಿನ ಗುಡಿಯಲ್ಲಿ ಕನ್ನಡ ಕಂಡಾಗ ನಮ್ಮಂಥವರಿಗೆ ಎದೆ ಸ್ವಲ್ಪ ಹಿಗ್ಗುತ್ತದೆ, ಸುಳ್ಳು ಯಾಕೆ ಹೇಳಬೇಕು. ಅದೇ ಊರಿನಲ್ಲಿ ಆದಿನಾಥ ಬಸದಿಯೂ ಇದೆ. ದರ್ಶನ ಮಾಡಿಕೊಂಡೇ ಮುಂದೆ ಹೋದೆವು.

ಸ್ವರ್ಗಮಂಟಪ ಎಂಬುದು ಫೋಟೋದವನಿಗೆ ದೊಡ್ಡ ಪರೀಕ್ಷೆ. 48 ಕಂಬಗಳ ಮಂಟಪ, ಅದರ ನಡುವೆ ದುಂಡನೆಯ ತೆರೆದ ಆಕಾಶ, ಅದನ್ನು ಸುತ್ತಿದ 12 ಕಂಬ. ಮೇಲೆ ಕಣ್ಣು ಕುಕ್ಕುವ ಬೆಳಕು, ಕೆಳಗೆ ಕರಿಕಲ್ಲಿನ ಕತ್ತಲೆ. ಆಕಾಶ ಹಿಡಿದರೆ ಕಂಬ ಹೋಯಿತು, ಕಂಬ ಹಿಡಿದರೆ ಆಕಾಶ ಸುಣ್ಣವಾಯಿತು. ಇಲ್ಲಿ ‘ರಾ’ ಫೈಲ್ ಬೇಕು. ನಮ್ಮ ಧಂದೆಯ ಮಾತಿನಲ್ಲಿ ಹೇಳುವುದಾದರೆ ಜೆಪೆಗ್ ಎಂದರೆ ಬಣ್ಣ ಹಾಕಿ ಮಡಿಚಿಟ್ಟ ಬಟ್ಟೆ, ರಾ ಎಂದರೆ ಕೋರಾ ಬಟ್ಟೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್‌ನ ರಾ ಫೈಲಿನಲ್ಲಿ 16,384. ಆದ್ದರಿಂದ ಸ್ವಲ್ಪ ಕತ್ತಲಾಗಿಯೇ ತೆಗೆದು, ಕಂಬಗಳನ್ನು ಆಮೇಲೆ ಬೆಳಗಿಸಿಕೊಳ್ಳಬಹುದು. ಬಿಳಿಯಾಗಿ ಸುಟ್ಟುಹೋದದ್ದು ಮಾತ್ರ ಯಾವ ಮಂತ್ರಕ್ಕೂ ತಿರುಗಿ ಬರುವುದಿಲ್ಲ.

ಈ ಕೆಲಸಕ್ಕೆ ನಾವು ಸ್ನ್ಯಾಪ್‌ಸೀಡ್ ಎಂಬ ಆ್ಯಪ್ ಬಳಸುತ್ತೇವೆ, ದುಡ್ಡು ಕೊಡಬೇಕಿಲ್ಲ. 2011ರಲ್ಲಿ ಅದು ಮೊದಲು ಬಂದದ್ದೇ ಟ್ಯಾಬಿಗಾಗಿ, ಮರುವರ್ಷ ಗೂಗಲ್‌ನವರು ಕೊಂಡರು. ಬೆರಳಿನಿಂದ ಎಳೆದರೆ ನೆರಳು ತಿಳಿಯಾಗುತ್ತದೆ. ಮೌಸ್ ಹಿಡಿದು ನಡುಗುತ್ತಿದ್ದ ನಮ್ಮ ಕೈಗೆ ಇದು ಎಷ್ಟೋ ಸುಲಭ.

ದೋಷಗಳನ್ನೂ ಹೇಳಬೇಕು. ಬಿಸಿಲಿನಲ್ಲಿ ಟ್ಯಾಬಿನ ಪರದೆ ಕಾಣುವುದೇ ಇಲ್ಲ, ಟವೆಲ್ ಹೊದ್ದು ನೋಡಬೇಕು. ಪರದೆಯ ಪ್ರಕಾಶ ತನ್ನಷ್ಟಕ್ಕೆ ಏರಿಳಿಯುತ್ತದೆ. ಅದನ್ನು ನಂಬಿ ತಿದ್ದಿದ ಚಿತ್ರಗಳು ಸ್ಟುಡಿಯೋದಲ್ಲಿ ಕಪ್ಪಾಗಿ ಅಚ್ಚಾದವು. ಸ್ಟುಡಿಯೋದವನ ಮೇಲೆ ರೇಗಿದೆವು, ತಪ್ಪು ನಮ್ಮದೇ ಆಗಿತ್ತು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲ್ ಒಂದೊಂದು 25-30 ಎಂಬಿ. ಆ ದಿನದ 140 ಚಿತ್ರಕ್ಕೇ ನಾಲ್ಕು ಜಿಬಿ ಸಮೀಪ ಹೋಯಿತು. ಸಾವಿರಾರು ಚಿತ್ರಗಳನ್ನು ಊರು, ವರ್ಷ ಹಚ್ಚಿ ಜೋಡಿಸಿಡಲು ಇಂದಿಗೂ ಕಂಪ್ಯೂಟರೇ ಮೇಲು.

ಇನ್ನೊಂದು ಗಂಡಾಂತರ. ಒಮ್ಮೆ ಜಾಗ ಸಾಲದೆಂದು ಬಾಹುಬಲಿಯ ಚಿತ್ರಗಳನ್ನು ಟ್ಯಾಬಿನಿಂದ ಅಳಿಸಿದೆವು, ಕ್ಲೌಡ್‌ನಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ. ಅದು ಗೋದಾಮು ಅಲ್ಲವಂತೆ, ಕನ್ನಡಿಯಂತೆ: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಮಹಾಪೂರದ ದಿನದ ಹಾಗೇ ಹೊಟ್ಟೆಯಲ್ಲಿ ಕಲಸಿತು. ಅಳಿಸಿದ್ದು ಸುಮಾರು 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆಂದು ಮೊಮ್ಮಗಳು ಹುಡುಕಿ ತೆಗೆದುಕೊಟ್ಟಳು. ಈಗ ಪ್ರತಿ ಸಲ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ, ತೆರೆದು ನೋಡಿ, ಆಮೇಲೆಯೇ ಕಾರ್ಡ್ ಖಾಲಿ ಮಾಡುತ್ತೇವೆ. ಪೆನ್‌ಡ್ರೈವ್ ಇರುವುದು ತಿಜೋರಿಯಲ್ಲಿ, ಮೇಲಿನ ಖಾನೆಯಲ್ಲಿ.

ಶಾಸನದ ಚಿತ್ರಕ್ಕೆ ಎದುರು ಬೆಳಕು ಕೆಲಸಕ್ಕೆ ಬಾರದು, ಅಕ್ಷರ ಚಪ್ಪಟೆಯಾಗುತ್ತದೆ. ಟಾರ್ಚನ್ನು ಮಗ್ಗುಲಿನಿಂದ, ಕಲ್ಲಿಗೆ ಸವರಿದ ಹಾಗೆ ಹಿಡಿಯಬೇಕು. ಆಗ ಒಂದೊಂದು ಗೀರಿನಲ್ಲೂ ನೆರಳು ನಿಂತು ಅಕ್ಷರ ಏಳುತ್ತದೆ. ಮೊಮ್ಮಗಳು ಟಾರ್ಚ್ ಹಿಡಿದಳು, ನಾವು ಸಾಲು ಸಾಲಾಗಿ ತೆಗೆದೆವು.

ಮರುದಿನ ಬೋರಗಾಂವಕ್ಕೆ ಹೋದೆವು. ಅಣ್ಣನವರಿಗೆ ಎದ್ದು ಕೂರಲು ಆಗುವುದಿಲ್ಲ, ಕಂಪ್ಯೂಟರ್ ಆಗಿದ್ದರೆ ತೋರಿಸುವ ಮಾತೇ ಇರಲಿಲ್ಲ. ಟ್ಯಾಬನ್ನು ಎದೆಯ ಮೇಲಿನ ದಿಂಬಿಗೆ ಆನಿಸಿ ಇಟ್ಟೆವು. “ಎರಡು ಬೆರಳು ಇಟ್ಟು ಅಗಲ ಮಾಡ್ರಿ ಅಣ್ಣಾ, ದೊಡ್ಡದಾಗತೈತಿ” ಎಂದೆವು. ಮಾಡಿದರು. ಬಹಳ ಹೊತ್ತು ಮಾತಿಲ್ಲ. ವೈನಿ ಚಹಾ ತಂದಿಟ್ಟರು, ಆರಿಹೋಯಿತು. ಆಮೇಲೆ ಪೆನ್ಸಿಲ್ ಕೇಳಿದರು. ಮಲಗಿದಲ್ಲೇ ಮೂರನೇ ಸಾಲಿನ ಐದು ಅಕ್ಷರ ಬರೆದು, ಆರನೆಯದರ ಜಾಗದಲ್ಲಿ ಪ್ರಶ್ನೆಚಿಹ್ನೆ ಹಾಕಿದರು.

“ಟಾರ್ಚ್ ಎಡಕ್ಕ ಹಿಡಿದೀರಿ. ಬಲಕ್ಕ ಹಿಡಿದು ಇನ್ನೊಂದು ತಗೊಂಡು ಬಾ” ಎಂದರು.

ಬರುವ ಭಾನುವಾರ ಮತ್ತೆ ಹೋಗುವವರಿದ್ದೇವೆ.