ಇಲ್ಲದ ಸಾಲದ ಪತ್ರ

ಶ್ರಾವಕರ ಸತ್ಯಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವುಗಳಲ್ಲಿ ಮೂರನೆಯದು ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ. ಬ್ಯಾಂಕಿನಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು. ದಶಲಕ್ಷಣ ಪರ್ವದ ಪಾರಾಯಣದಲ್ಲಿ ಈ ಪದ ಬಂದಾಗಲೆಲ್ಲ ನನಗೆ ಖೋಟಾ ಸಹಿ, ತಿದ್ದಿದ ಚೆಕ್ಕು ಮೊದಲಾದ ಪರರ ಅಪರಾಧಗಳೇ ನೆನಪಾಗುತ್ತಿದ್ದವು. 2024ರ ಆಗಸ್ಟ್ ತಿಂಗಳಿನಲ್ಲಿ, ಜಯನಗರದ ನನ್ನ ಮನೆಯಲ್ಲಿ, ನನ್ನ ಕೈಯಿಂದಲೇ ಅಂತಹ ಒಂದು ಬರಹ ಹೊರಬಂದಿತು. ಅದನ್ನು ಧರ್ಮಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕೆಂದೇ ಈ ಲೇಖನ.

ನನ್ನ ತಮ್ಮನ ಮಗಳು 2021ರ ಡಿಸೆಂಬರಿನಲ್ಲಿ ವಿವಾಹವಾಗಿ, 2022ರ ನವೆಂಬರಿನಲ್ಲಿ ಅಮೆರಿಕದ ಪೌರನಾದ ಪತಿಯ ಬಳಿಗೆ ಹೋದಳು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಅಲ್ಲಿಗೆ ಕಾಲಿಟ್ಟವರಿಗೆ ಕೊಡುವ ಗ್ರೀನ್ ಕಾರ್ಡ್ ಷರತ್ತಿನದು. ಅದರ ಅವಧಿ ಎರಡೇ ವರ್ಷ. ಕೇವಲ ವಲಸೆಗಾಗಿ ನಡೆಯುವ ಹುಸಿ ಮದುವೆಗಳನ್ನು ತಡೆಯಲು 1986ರಲ್ಲಿ ಮಾಡಿದ ಕಾನೂನು ಇದು. ಅವಧಿಯ ಕೊನೆಯ 90 ದಿನಗಳಲ್ಲಿ ದಂಪತಿಗಳಿಬ್ಬರೂ ಸೇರಿ ಐ-751 ಎಂಬ ಅರ್ಜಿ ಸಲ್ಲಿಸಿ ಷರತ್ತನ್ನು ತೆಗೆಸಿಕೊಳ್ಳಬೇಕು. ನಮ್ಮ ಹುಡುಗಿಯ ದಾಂಪತ್ಯ ಅಷ್ಟು ದಿನ ಉಳಿಯಲಿಲ್ಲ. 2024ರ ಜನವರಿಯಿಂದ ಅವಳು ಬೇರೆ ವಾಸವಾಗಿದ್ದಳು. ಜುಲೈನಲ್ಲಿ ವಿಚ್ಛೇದನದ ತೀರ್ಪಾಯಿತು. ಅದರ ಕಾರಣಗಳು ಇಲ್ಲಿ ಬೇಡ.

ಇಂತಹವರು ಒಬ್ಬರೇ ಅರ್ಜಿ ಹಾಕಲು ಅವಕಾಶವಿದೆ. ಆದರೆ ಮದುವೆ ಸದ್ಭಾವನೆಯಿಂದಲೇ ನಡೆದಿತ್ತೆಂದು ದಾಖಲೆಗಳಿಂದ ಸಿದ್ಧಪಡಿಸಬೇಕು. ಅರ್ಜಿಯ ಶುಲ್ಕ 2024ರ ಏಪ್ರಿಲ್ 1ರಿಂದ 750 ಡಾಲರ್ ಆಗಿತ್ತು, ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿಗೂ ಮೇಲೆ. ಪತಿಯು ಪತ್ನಿಗಾಗಿ ಸಲ್ಲಿಸುವ ಮೊದಲ ಅರ್ಜಿಗೆ ಶುಲ್ಕ ಮನ್ನಾ ಎಂಬುದಿಲ್ಲ. ಈ ಎರಡನೆಯ ಹಂತದ ಅರ್ಜಿಗೆ ಮಾತ್ರ, ಕಟ್ಟಲಾಗದವರು ಐ-912 ಎಂಬ ನಮೂನೆಯಲ್ಲಿ ಕೇಳಿಕೊಳ್ಳಬಹುದು. ಸರ್ಕಾರದ ಬಡತನ ಮಾರ್ಗಸೂಚಿಯ ಶೇಕಡಾ 150ರೊಳಗೆ ಆದಾಯವಿದ್ದರೆ ಅದೊಂದು ಆಧಾರ. ಹಣಕಾಸಿನ ತೀವ್ರ ಸಂಕಷ್ಟವನ್ನು ತೋರಿಸುವುದು ಮತ್ತೊಂದು.

ಬನಶಂಕರಿಯ ತಮ್ಮನ ಮನೆಯಲ್ಲಿ ಈ ವಿಷಯ ಬಂದಾಗ ಮೊದಲು ಎದ್ದದ್ದು ಮಾನದ ಪ್ರಶ್ನೆ. "ಅನ್ನದಾನ, ಶಾಸ್ತ್ರದಾನ ಮಾಡಿಕೊಂಡು ಬಂದ ಮನೆತನ ನಮ್ಮದು. ಪರದೇಶದ ಸರ್ಕಾರದ ಮುಂದೆ ನಾವು ಬಡವರು, ಬಿಟ್ಟುಬಿಡಿ ಎಂದು ಬರೆದುಕೊಡುವುದೇ ಅಣ್ಣ?" ಎಂದು ತಮ್ಮ ಕೇಳಿದ. ನನ್ನ ಮನಸ್ಸಿನಲ್ಲೂ ಅದೇ ಅಳುಕು. ಇಪ್ಪತ್ತೆರಡು ಪರೀಷಹಗಳಲ್ಲಿ ಯಾಚನಾ ಪರೀಷಹವೂ ಒಂದು. ಪ್ರಾಣ ಹೋಗುವಂತಿದ್ದರೂ ದೀನರಾಗಿ ಬೇಡದಿರುವುದು ಮುನಿಗಳ ಧರ್ಮ. ನಾವು ಸಂಸಾರಿಗಳು ಆ ಗುಣದ ನೆರಳನ್ನು ಮಾತ್ರ ಹಿಡಿದುಕೊಂಡು ಅದಕ್ಕೆ ಸ್ವಾಭಿಮಾನವೆಂದು ಹೆಸರಿಟ್ಟುಕೊಂಡಿದ್ದೇವೆಯೋ ಏನೋ. ಕಾನೂನು ತಾನಾಗಿಯೇ ಇಟ್ಟಿರುವ ಸೌಲಭ್ಯವನ್ನು ಅರ್ಹರಾದವರು ಕೇಳುವುದು ಭಿಕ್ಷೆಯಲ್ಲವೆಂದು ತಮ್ಮನನ್ನು ಒಪ್ಪಿಸಿದವನು ನಾನೇ.

ಅನಂತರ ಲೆಕ್ಕಕ್ಕೆ ಕುಳಿತೆವು. ಹುಡುಗಿಗೆ ಅರೆಕಾಲಿಕ ಕೆಲಸದಿಂದ ತಿಂಗಳಿಗೆ 1,400 ಡಾಲರ್, ವರ್ಷಕ್ಕೆ 16,800. ಒಬ್ಬರೇ ಇರುವ ಕುಟುಂಬಕ್ಕೆ 2024ರ ಮಿತಿ, ಶೇಕಡಾ 150ರ ಲೆಕ್ಕದಲ್ಲಿ, 22,590 ಡಾಲರ್. ಇಷ್ಟಕ್ಕೇ ಮುಗಿದಿದ್ದರೆ ತೊಡಕಿರಲಿಲ್ಲ. ಆದರೆ ತಂದೆತಾಯಿಗಳಿಂದ ಬರುವ ನೆರವನ್ನೂ ಆದಾಯದಲ್ಲಿ ತೋರಿಸಬೇಕೆಂದು ಆ ನಮೂನೆ ಕೇಳುತ್ತದೆ. ಅವಳು ಬೇರೆ ಮನೆ ಮಾಡಿದಂದಿನಿಂದ ತಮ್ಮ ತಿಂಗಳಿಗೆ 500 ಡಾಲರ್ ಕಳುಹಿಸುತ್ತಿದ್ದ. ವರ್ಷಕ್ಕೆ 6,000. ಒಟ್ಟು 22,800. ಮಿತಿಯನ್ನು ದಾಟಿದ್ದು 210 ಡಾಲರ್.

ಜೆ.ಪಿ. ನಗರದಲ್ಲಿ ವೀಸಾ ಸಲಹೆ ನೀಡುವವರೊಬ್ಬರನ್ನು ಕಂಡೆವು. "ಅಪ್ಪ ಕಳುಹಿಸುವುದನ್ನು ಬರೆಯಲೇಬೇಡಿ, ಬರೆಯಲೇಬೇಕೆಂದರೆ ಸಾಲವೆಂದು ತೋರಿಸಿ," ಎಂದು ಅವರು ಹಗುರವಾಗಿ ಹೇಳಿದರು. ಬಿಟ್ಟುಬಿಡುವುದು ನನಗೆ ಸರಿಕಾಣಲಿಲ್ಲ. ಸಾಲವೆಂಬುದು ಮಾತ್ರ ಏಕೋ ಗೌರವಸ್ಥ ಮಾತಾಗಿ ಕೇಳಿಸಿತು. ಆ ರಾತ್ರಿಯೇ ಕುಳಿತು ಸಾಲಪತ್ರ ಬರೆದೆ. 2024ರ ಜನವರಿಯ ದಿನಾಂಕ ಹಾಕಿದೆ. ಛಾಪಾ ಕಾಗದವಾದರೆ ಅದನ್ನು ಕೊಂಡ ದಿನಾಂಕ ಹೊರಬೀಳುತ್ತದೆಂದು ಬಿಳಿಯ ಹಾಳೆಯನ್ನೇ ಆರಿಸಿಕೊಂಡೆ. ಬ್ಯಾಂಕಿನ ಅನುಭವ ಹೀಗೂ ಉಪಯೋಗಕ್ಕೆ ಬರುತ್ತದೆ. ಹಣ ಕಳುಹಿಸುವಾಗ ಪ್ರತಿ ತಿಂಗಳೂ ಬ್ಯಾಂಕಿನ ಅರ್ಜಿಯಲ್ಲಿ ಉದ್ದೇಶವೆಂಬ ಜಾಗದಲ್ಲಿ ಹತ್ತಿರದ ಬಂಧುಗಳ ಜೀವನನಿರ್ವಹಣೆಗೆಂದು ತಮ್ಮ ತುಂಬಿ ಸಹಿ ಮಾಡಿದ್ದನ್ನು ಬಲ್ಲವನೂ ನಾನೇ. ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಅವಳ ಲಗ್ನಪತ್ರಿಕೆಯ ಇಂಗ್ಲಿಷ್ ಭಾಷಾಂತರವಿತ್ತು. ಇದು ಪೂರ್ಣವೂ ಯಥಾರ್ಥವೂ ಆಗಿದೆ ಎಂಬ ದೃಢೀಕರಣದ ಕೆಳಗೆ ನಾನು ಅಂದೇ ಸಹಿ ಮಾಡಿದ್ದೆ.

ಬೇಡುವುದಕ್ಕೆ ನಾಚಿದ ನಾವು ಸುಳ್ಳು ಬರೆಯುವುದಕ್ಕೆ ನಾಚಲಿಲ್ಲ.

ಪತ್ರದ ಚಿತ್ರವನ್ನು ಮೊಬೈಲಿನಲ್ಲಿ ಕಳುಹಿಸಿದೆ. ಮರುದಿನ ಬೆಳಿಗ್ಗೆ ಅವಳ ಕರೆ ಬಂದಿತು.

"ದೊಡ್ಡಪ್ಪ, ಈ ಹಣವನ್ನು ಅಪ್ಪ ನನ್ನಿಂದ ವಾಪಸು ತೆಗೆದುಕೊಳ್ಳುತ್ತಾರೆಯೇ?"

"ಇಲ್ಲಮ್ಮ, ಅದು ಕಾಗದದ ಮಟ್ಟಿಗೆ."

ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ನನ್ನ ಮದುವೆ ಸುಳ್ಳಾಗಿರಲಿಲ್ಲವೆಂದು ನಂಬಿಸುವುದಕ್ಕೆ ಎರಡು ತಿಂಗಳಿಂದ ಕಾಗದ ಕೂಡಿಸುತ್ತಿದ್ದೇನೆ. ಅದೇ ಲಕೋಟೆಯಲ್ಲಿ ಇದನ್ನೂ ಇಟ್ಟು ಕಳುಹಿಸಲೇ?" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ತೆಗೆದು ನೋಡಿದೆ. ಯಾರೂ ಆಡದ, ಮಾಡದ ಸಂಗತಿಯನ್ನು ಆಡಿದರು, ಮಾಡಿದರು ಎಂದು ವಂಚನೆಗಾಗಿ ಬರೆಯುವುದೇ ಕೂಟಲೇಖವೆಂದು ಅಲ್ಲಿ ವಿವರಣೆ ಇದೆ. ಪರರ ಪ್ರೇರಣೆಯಿಂದ ಬರೆಯುವ ಮಾತೂ ಅಲ್ಲಿಯೇ ಇದೆ. ಸಲಹೆಗಾರರ ಮೇಲೆ ಭಾರ ಹಾಕಿ ಪಾರಾಗುವ ದಾರಿಯೂ ನನಗೆ ಉಳಿಯಲಿಲ್ಲ. ಲಕೋಟೆಯಲ್ಲಿ ಹೋಗಲಿಲ್ಲವಾದ್ದರಿಂದ ಅದು ಅತಿಕ್ರಮವೋ, ವ್ಯತಿಕ್ರಮವೋ, ಅತಿಚಾರವೋ ಎಂದು ತೂಗುವ ಚಪಲವೂ ಬಂದಿತೆಂದು ಒಪ್ಪಿಕೊಳ್ಳುತ್ತೇನೆ.

ಅದಕ್ಕಿಂತ ಹೆಚ್ಚು ಕಾಡಿದ್ದು ಹಳೆಯ ನೆನಪೊಂದು. ನಮ್ಮ ಬಡಾವಣೆಯ ಬಸದಿಯ ವಿದ್ಯಾರ್ಥಿವೇತನ ಸಮಿತಿಯಲ್ಲಿ ನಾನು ಹಲವು ವರ್ಷ ಇದ್ದೆ. ಒಮ್ಮೆ ಒಬ್ಬ ತಂದೆ ತಾನು ಪಡೆಯುತ್ತಿದ್ದ ಅಲ್ಪ ಬಾಡಿಗೆಯನ್ನು ಆದಾಯದಲ್ಲಿ ತೋರಿಸಿರಲಿಲ್ಲ. ನಾನು ಅದನ್ನು ಕಂಡುಹಿಡಿದು ಸಭೆಯಲ್ಲಿ ಗಟ್ಟಿಯಾಗಿ ಓದಿದೆ, ಅರ್ಜಿ ತಿರಸ್ಕೃತವಾಯಿತು. ತಿರಸ್ಕರಿಸಿದ್ದು ತಪ್ಪೆಂದು ಈಗಲೂ ಹೇಳಲಾರೆ. ಆದರೆ ಹೊರಗೆ ಕಾಯುತ್ತಿದ್ದ ಅವರಿಗೆ ಕೇಳಿಸುವಂತೆ ಓದುವ ಅಗತ್ಯವಿರಲಿಲ್ಲ. ಒಳಗೆ ಕರೆದು, ಬಾಡಿಗೆಯನ್ನು ಸೇರಿಸಿ ಮತ್ತೆ ಬರೆದುಕೊಡಿ, ನಿಮ್ಮ ಕಷ್ಟವನ್ನೂ ಬರೆಯಿರಿ ಎನ್ನಬಹುದಾಗಿತ್ತು. ಅವರು ಬಡಾವಣೆ ಬಿಟ್ಟುಹೋಗಿದ್ದಾರೆ. ಆ ವರ್ಷದ ಕ್ಷಮಾವಣಿಯಂದು ನಾನು ಯಾರ ಯಾರಿಗೋ ಕೈಮುಗಿದೆ, ಅವರು ಸಿಕ್ಕಲಿಲ್ಲ.

2024ರ ದಶಲಕ್ಷಣ ಪರ್ವ ಮುಗಿದ ವಾರ ಹುಡುಗಿ ಅರ್ಜಿ ಕಳುಹಿಸಿದಳು. ತಂದೆಯ 500 ಡಾಲರನ್ನು ನೆರವೆಂದೇ ಬರೆದು, ಮಿತಿ ಮೀರಿದ್ದರಿಂದ ಸಂಕಷ್ಟದ ಆಧಾರದ ಮೇಲೆ ಮನ್ನಾ ಕೇಳಿದಳು. ಮನೆ ಬಾಡಿಗೆಯ ಕರಾರು, ವೈದ್ಯಕೀಯ ಬಿಲ್ಲುಗಳನ್ನು ಲಗತ್ತಿಸಿದಳು. ಅಕ್ಟೋಬರ್ ಕೊನೆಯಲ್ಲಿ ಇಡೀ ಕಟ್ಟು ಹಿಂದಿರುಗಿತು. ಮನ್ನಾ ದೊರೆಯಲಿಲ್ಲ. ಮನ್ನಾ ನಿರಾಕರಿಸಿದರೆ ಮೂಲ ಅರ್ಜಿಯನ್ನೂ ಸ್ವೀಕರಿಸದೆ ಹಿಂದಕ್ಕೆ ಕಳುಹಿಸುವುದು ಅಲ್ಲಿಯ ಕ್ರಮ. ಕಾರ್ಡಿನ ಅವಧಿ ಮುಗಿಯಲು ಮೂರು ವಾರವೂ ಉಳಿದಿರಲಿಲ್ಲ. ಆ ರಾತ್ರಿ ತಮ್ಮ ನನಗೆ ಫೋನ್ ಮಾಡಿ, "ನಿಮ್ಮ ಸಾಲಪತ್ರವನ್ನು ಇಟ್ಟಿದ್ದರೆ ಏನಾಗುತ್ತಿತ್ತು ಅಣ್ಣ?" ಎಂದ. ಮನ್ನಾ ಸಿಕ್ಕುತ್ತಿತ್ತೇನೋ ಎಂದೆ. ಹಾಗೆ ಹೇಳದೆ ಬೇರೆ ಏನು ಹೇಳಿದ್ದರೂ ಅದು ಇನ್ನೊಂದು ಸುಳ್ಳಾಗುತ್ತಿತ್ತು.

ತಮ್ಮ 750 ಡಾಲರ್ ಹೊಂದಿಸಿ ಕಳುಹಿಸಿದ. ಶುಲ್ಕ ಸಹಿತ ಅರ್ಜಿ ಮತ್ತೆ ಹೋಯಿತು; ಅವಧಿ ಮುಗಿಯಲು ಕೆಲವೇ ದಿನಗಳಿರುವಾಗ ರಸೀದಿ ಬಂದಿತು. ಕಾರ್ಡನ್ನು 48 ತಿಂಗಳು ಮುಂದುವರಿಸುವುದು ಆ ರಸೀದಿಯೇ. ಈ 750ನ್ನು ಮಾತ್ರ ತಾನು ತೀರಿಸುವೆನೆಂದೂ, ಈಗ ಬೇಕಾದರೆ ಸಾಲಪತ್ರ ಬರೆಯಿರೆಂದೂ ಹುಡುಗಿ ಹಟ ಹಿಡಿದಳು. ಛಾಪಾ ಕಾಗದ ತಂದು ಆ ದಿನದ ದಿನಾಂಕದಲ್ಲಿಯೇ ಬರೆದೆ. 2025ರ ಮಾರ್ಚ್‌ನಿಂದ, ಪೂರ್ಣಕಾಲದ ಕೆಲಸ ದೊರೆತ ಮೇಲೆ, ತಂದೆಯ ನೆರವನ್ನು ನಿಲ್ಲಿಸಿ ಅವಳು ತಿಂಗಳಿಗೆ 50 ಡಾಲರಿನಂತೆ ಕಳುಹಿಸತೊಡಗಿದಳು. ತಮ್ಮ ಪ್ರತಿ ಕಂತನ್ನೂ ಆ ಪತ್ರದ ಹಿಂಬದಿಯಲ್ಲಿ ದಿನಾಂಕಸಹಿತ ಬರೆದಿಡುತ್ತಾನೆ. ಕಳೆದ ಬಾರಿ ನಾನು ನೋಡಿದಾಗ ಎಂಟು ಸಾಲುಗಳಿದ್ದವು.