ಹೊತ್ತವರ ಲೆಕ್ಕ

ನಿನ್ನೆ ರಾತ್ರಿ ಅವ್ವ ಫೋನ್ ಮಾಡಿದ್ಲು. "ಮೋಡ ಆಗೇತಿ ತಮ್ಮಾ, ಇನ್ನೂ ಎರಡು ಹೊಲದ್ದು ರಾಶಿ ಆಗಿಲ್ಲ" ಅಂದ್ಲು. ಆಕೆಗೆ ಸ್ವಂತ ಹೊಲ ಇಲ್ಲ. ಒಂದು ಗುಂಟೆಯೂ ಇಲ್ಲ. ಆದರೂ ಮಾರ್ಚ್ ತಿಂಗಳಲ್ಲಿ ಮೋಡ ಕಟ್ಟಿದರೆ ನಮ್ಮ ಕೇರಿಯಲ್ಲಿ ಮೊದಲು ನಿದ್ದೆಗೆಡೋದು ಅವ್ವನೇ. ಯಾಕೆ ಅಂತ ಇವತ್ತು ಬರೀಬೇಕು ಅನ್ನಿಸ್ತು.

ನಮ್ಮೂರು ವಿಜಯಪುರ ಜಿಲ್ಲೆಯ ಡೋಣಿ ನದಿ ಸಾಲಿನದು. ಕರಿ ಎರಿ ಭೂಮಿ, ಹಿಂಗಾರಿಗೆ ಬಿಳಿಜೋಳ. 'ಡೋಣಿ ಬೆಳೆದರೆ ಓಣೆಲ್ಲಾ ಜೋಳ' ಅಂತ ನಮ್ಮ ಕಡೆ ಗಾದೆ ಐತಿ. ಸಣ್ಣವನಿದ್ದಾಗ ಅಪ್ಪನ್ನ ಕೇಳಿದ್ದೆ, "ಅದು ಯಾವ ಓಣಿ ಯಪ್ಪಾ?" ಅಪ್ಪ ಬೀಡಿ ಹಚ್ಚಿಕೊಂಡು "ನಮ್ದಲ್ಲ" ಅಂದಿದ್ದ. ಅಷ್ಟೇ.

2014ರ ಮಾರ್ಚ್. ಜಿಲ್ಲೆಗೆ ಆಗಿನ್ನೂ ಬಿಜಾಪುರ ಅಂತಲೇ ಹೆಸರು. ಆ ವರ್ಷ ಉತ್ತರ ಕರ್ನಾಟಕ, ಮಹಾರಾಷ್ಟ್ರದ ಮೇಲೆ ಸುಗ್ಗಿ ಹೊತ್ತಿಗೇ ಆಣೆಕಲ್ಲು ಮಳೆ ಸುರಿದದ್ದು ನಿಮಗೂ ನೆನಪಿರಬಹುದು. ನಾನು ಧಾರವಾಡದಲ್ಲಿ ಓದುತ್ತಿದ್ದೆ. ಅಪ್ಪನ ಜೋಡಿ ನಾಲ್ಕು ದಿನ ದುಡಿದರೆ ಪರೀಕ್ಷೆ ಫೀಸು ಆಗ್ತದ ಅಂತ ಊರಿಗೆ ಬಂದಿದ್ದೆ.

ಸಾವುಕಾರರ ಹೊಲದಲ್ಲಿ ರಾಶಿ ಮಷಿನ್ ಮುಗಿದಿತ್ತು. ಅರ್ಧ ಜೋಳ ಚೀಲ ತುಂಬಿ ಹೊಲಿದಿದ್ದೆವು, ಇನ್ನರ್ಧ ಕಣದಲ್ಲೇ ಗುಂಪಿ ಬಿದ್ದಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಗುಡುಗು ಶುರುವಾಯ್ತು. ಸಾವುಕಾರರ ಮಗ ಕೇರಿಗೆ ಓಡಿ ಬಂದ. ವಯಸ್ಸಿನಲ್ಲಿ ನನಗಿಂತ ಸಣ್ಣವ. ಅಪ್ಪನನ್ನ ಯಾವತ್ತೂ 'ಲೇ' ಅಂತಲೇ ಕರೀತಿದ್ದವ. ಆ ರಾತ್ರಿ ನಮ್ಮ ಬಾಗಿಲ ಹೊರಗೆ ನಿಂತು, "ಕಾಕಾ, ಏಳ್ರಿ, ಜೋಳ ತೋಯ್ತಾವು" ಅಂದ.

ಹೋದೆವು. ಕೇರಿಯಿಂದ ಒಂಬತ್ತು ಗಂಡಸರು, ಹಿಂದೆ ಹೆಣ್ಣುಮಕ್ಕಳು. ಅರ್ಧ ತಾಸಿನ ಮಳೆಗೇ ಟ್ರ್ಯಾಕ್ಟರ್ ಗಾಲಿ ಹುಗಿದುಹೋಯ್ತು. ಎರಿ ಮಣ್ಣು ತೋಯ್ದರೆ ಹಂಗೇ, ಗಾಡಿಯನ್ನೂ ಬಿಡೋದಿಲ್ಲ, ಕಾಲನ್ನೂ ಬಿಡೋದಿಲ್ಲ. ಕಣದಿಂದ ಡಾಂಬರ್ ರಸ್ತೆ ಮೂರು ಹೊಲ ದೂರ. ಅಲ್ಲಿತನಕ ಬೆನ್ನ ಮೇಲೆಯೇ ಹೊರಬೇಕು. ಒಂದೊಂದೂ ಕ್ವಿಂಟಲ್ ಚೀಲ. ಒಬ್ಬ ವಯಸ್ಕ ಗಂಡಸು 55 ಕಿಲೋಗಿಂತ ಹೆಚ್ಚು ಹೊರಬಾರದು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಆಣೆಕಲ್ಲು ಬೀಳುವಾಗ ಅವ್ವ ತಲೆ ಮೇಲೆ ಬುಟ್ಟಿ ಬೋರಲು ಹಾಕ್ಕೊಂಡು, ಗುಂಪಿಯ ಮೇಲಿನ ತಾಡಪತ್ರಿ ಹಾರದಂಗ ಅದರ ಮೂಲೆ ಹಿಡಿದು ನಿಂತಿದ್ಲು.

ಚೀಲ ಸಾವುಕಾರರ ಮನೆ ಮುಟ್ಟಿದವು. ಬೇರೆ ವರ್ಷ ಕಟ್ಟೆಯ ಮೇಲೆ ಇಳಿಸಿ ಬರೋದು ರೂಢಿ. ಅವತ್ತು "ಒಳಗ ಒಯ್ರಿ, ಪಡಸಾಲಿಗೆ ಹಾಕ್ರಿ" ಅಂದರು. ಅಪ್ಪ ಹೊಸ್ತಿಲ ಮುಂದೆ ನಿಂತುಬಿಟ್ಟ. ಬೆನ್ನ ಮೇಲೆ ಕ್ವಿಂಟಲ್ ಇಟ್ಟುಕೊಂಡೂ ನಿಂತ. ಇನ್ನೊಮ್ಮೆ ಹೇಳಿದ ಮೇಲೆಯೇ ಒಳಗೆ ಕಾಲಿಟ್ಟ. ಆ ನಿಂತ ಗಳಿಗೆ ನನಗೆ ಇವತ್ತಿಗೂ ಕಾಡ್ತದೆ.

ಕಣದಲ್ಲಿದ್ದ ಗುಂಪಿ ಪೂರ್ತಿ ಉಳಿಯಲಿಲ್ಲ. ಮುಂದೆ ಮೂರು ದಿನ ಬಿಸಿಲು ಬೀಳಲಿಲ್ಲ. ಕೆಳಗಿನ ಕಾಳು ಕರ್ರಗಾಗಿ ಮುಗ್ಗಲು ವಾಸನೆ ಹಿಡೀತು. ಸಾವುಕಾರರಿಗೆ ನಷ್ಟ ಆಗಿದ್ದು ಸುಳ್ಳಲ್ಲ, ನಾನು ಕಣ್ಣಾರೆ ಕಂಡೀನಿ. ನಷ್ಟ ಬರಕೊಳ್ಳೋಕೆ ತಲಾಟಿ ಬಂದಾಗ ಅಪ್ಪನೂ ಹೋಗಿ ನಿಂತ. "ನಮ್ದೂ ಬರಕೋರಿ ಸಾಹೇಬ್ರ, ಎಂಟು ದಿನದ ಕೆಲಸ ಹೋತು" ಅಂದ. ಅವರು ಬೈಯಲಿಲ್ಲ. ನಕ್ಕು, "ಪಹಣಿ ಎಲ್ಲೈತೋ?" ಅಂದ್ರು. "ಲೇ, ಸರಿ ಅತ್ತಾಗ" ಅಂದವ ಸಾವುಕಾರರ ಮಗ. ಕಾಕಾ ಅಂದು ನಾಲ್ಕು ದಿನವೂ ಆಗಿರಲಿಲ್ಲ.

ಸುಗ್ಗಿ ಕೂಲಿ ಆಗ ಕಾಳಿನಲ್ಲಿತ್ತು, ರಾಶಿ ಎಲ್ಲಾ ಮುಗಿದ ಮೇಲೆ ಒಟ್ಟಿಗೇ ಕೊಡೋರು. ಅಪ್ಪ ಅವ್ವ ಇಬ್ಬರದೂ ಸೇರಿ ಮೂರು ಚೀಲ ಬಂತು. ಬಿಚ್ಚಿ ನೋಡಿದರೆ ಕರಿ ಕಾಳು. ನಾವು ರಾತ್ರಿಯಿಡೀ ಹೊತ್ತು ಪಡಸಾಲಿಗೆ ಹಾಕಿದ ಒಣ ಜೋಳ ಪಡಸಾಲಿಯಲ್ಲೇ ಉಳೀತು. ಆ ವರ್ಷ ಅವ್ವ ರೊಟ್ಟಿ ಬಡಿಯೋಕೆ ಕುಂತರೆ ಹಿಟ್ಟಿಗೆ ಜಿಗಿಯೇ ಇರ್ತಿರಲಿಲ್ಲ, ರೊಟ್ಟಿ ಕೈಯಾಗೇ ಹರೀತಿದ್ವು. ಮಳೆ ಬಿದ್ದದ್ದು ಅವರ ಹೊಲದ ಮೇಲೆ, ಹರಿದದ್ದು ನಮ್ಮ ರೊಟ್ಟಿ.

'ಉಳುವವನೇ ಹೊಲದೊಡೆಯ' ಅಂದರು. 1974ರ ಭೂ ಸುಧಾರಣೆಯಿಂದ ಎಷ್ಟೋ ಗೇಣಿದಾರರಿಗೆ ಭೂಮಿ ಸಿಕ್ಕಿತು, ಅದನ್ನ ನಾನು ಅಲ್ಲಗಳೆಯೋದಿಲ್ಲ. ಆದರೆ ನಮ್ಮ ಅಜ್ಜ ಗೇಣಿದಾರ ಅಲ್ಲ, ಜೀತದಾಳು. ಫಾರಂ ನಂಬರ್ 7 ತುಂಬಿ ಕೊಡೋಕೆ ಅವನ ಹತ್ತಿರ ಗೇಣಿಯೇ ಇರಲಿಲ್ಲ. ಉಳುವವನ ಮಾತು ಆಡಿದರು, ಹೊರುವವನ ಮಾತು ಯಾರೂ ಆಡಲಿಲ್ಲ. ಇವತ್ತಿಗೂ ಬೆಳೆ ಪರಿಹಾರ ಪಹಣಿ ಇದ್ದವರಿಗೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಯೂ ಭೂಮಿ ಇದ್ದವರಿಗೇ. ರೈತನಿಗೆ ಕೊಡಬ್ಯಾಡ್ರಿ ಅಂತ ನಾನು ಹೇಳ್ತಿಲ್ಲ. ಅದೇ ಮಳೆಗೆ ಕೂಲಿ ಕಳಕೊಂಡವರನ್ನ ಬರಕೊಳ್ಳೋಕೆ ಆ ಕಾಗದದಲ್ಲಿ ಒಂದು ಕಾಲಂ ಯಾಕಿಲ್ಲ ಅಂತ ಕೇಳ್ತಿದೀನಿ.

ಆ ಕರಿ ಜೋಳದ ಮರುವರ್ಷ ನಮ್ಮ ಕೇರಿಯ ಹೆಣ್ಣುಮಕ್ಕಳು ಸಮುದಾಯ ಭವನದಾಗ ಕುಂತು ಮೂರು ಮಾತು ಮಾಡಿದರು. ಕೂಲಿ ರೊಕ್ಕದಲ್ಲೇ, ಅವತ್ತಿಂದು ಅವತ್ತೇ. ಚೀಲ ಐವತ್ತು ಕಿಲೋದ್ದೇ. ಕರೆಯೋಕೆ ಬಂದವರು ಹೆಸರು ಹಿಡಿದು, ಬಹುವಚನದಾಗ ಕರೀಬೇಕು. ಒಂದು ಸುಗ್ಗಿ ನಮ್ಮವರನ್ನ ಬಿಟ್ಟು ಬೇರೆ ಊರಿಂದ ಆಳು ತರಿಸಿದರು. ಅವ್ವ ಆ ಬ್ಯಾಸಿಗಿ ಒಪ್ಪತ್ತು ಉಂಡ್ಲು, ಮಾತು ಬಿಡಲಿಲ್ಲ. ಮರುವರ್ಷ ಅವರೇ ಬಂದರು. ಮೊದಲಿನ ಎರಡು ಮಾತು ನಡೀತಾವ. ಮೂರನೇದು ಮೋಡ ಇದ್ದಾಗಷ್ಟೇ ನಡೀತದ.

ಅಪ್ಪ ಈಗಿಲ್ಲ. ಕೊನೆ ನಾಲ್ಕು ವರ್ಷ ಬೆನ್ನು ನೆಟ್ಟಗಾಗಲೇ ಇಲ್ಲ.

ಗೆಳೆಯರೇ, ಏಪ್ರಿಲ್ 14ಕ್ಕೆ ಮೆರವಣಿಗೆ ಮಾಡೋಣ, ನೀಲಿ ಬಾವುಟ ಕಟ್ಟೋಣ. ಅದರ ಜೋಡಿ ನಿಮ್ಮ ನಿಮ್ಮ ಊರ ಗ್ರಾಮಸಭೆಗೆ ಹೋಗಿ, ಈ ಸಲದ ಮಳೆಗೆ ಯಾರ ಯಾರ ಕೂಲಿ ಹೋತು ಅಂತ ಒಂದು ಪಟ್ಟಿ ಮಾಡಿ ಕೊಡ್ರಿ. ತಗೋಳ್ಳಲಿಲ್ಲ ಅಂದ್ರೆ, ತಗೋಳ್ಳಲಿಲ್ಲ ಅಂತ ಬರೆಸಿಕೊಂಡು ಬರ್ರಿ. ನಮ್ಮೂರಿನ ಪಟ್ಟಿಯ ಮೊದಲ ಹೆಸರು ಅವ್ವಂದು.

ಫೋನ್ ಇಡೋ ಮೊದಲು ಕೇಳಿದೆ, "ರಾತ್ರಿ ಕರ್ಯಾಕ ಬಂದ್ರ ಹೋಗ್ತೀ ಏನು?" ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ಲು. "ಜೋಳದ ಮ್ಯಾಲೆ ನನಗೇನ್ ಸಿಟ್ಟೋ ತಮ್ಮಾ? ಹೋಗ್ತೀನಿ. ರೊಕ್ಕ ಮೊದಲ ಮಾತಾಡಿ ಹೋಗ್ತೀನಿ" ಅಂದ್ಲು.

ಜೈಭೀಮ್.